ಫ್ಯಾರಡೆ ಮೂರು ಸಲ ಬರೆದ ಟಿಪ್ಪಣಿ

ಬೋಧನಾಭ್ಯಾಸದ ಅವಧಿಯಲ್ಲಿ ಪ್ರಶಿಕ್ಷಣಾರ್ಥಿಗಳು ನನ್ನ ಬಳಿ ತರುವ ದೂರುಗಳಲ್ಲಿ ಮೊದಲನೆಯದು, ಮಕ್ಕಳ ಗಮನ ಪಾಠದಲ್ಲಿ ನಿಲ್ಲುವುದಿಲ್ಲ ಎಂಬುದು. ಮೊಬೈಲು, ಟಿ.ವಿ., ಮನೆಯ ಬಡತನ, ಹೀಗೆ ಕಾರಣಗಳ ಪಟ್ಟಿಯೂ ಜೊತೆಗಿರುತ್ತದೆ. ಆಗ ನಾನು ಮೈಕೆಲ್ ಫ್ಯಾರಡೆಯ ಜೀವನವನ್ನು ಹೇಳುತ್ತೇನೆ. ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ ವಿಜ್ಞಾನಿಯಾಗಿ ಆತ ನಮಗೆಲ್ಲ ಪರಿಚಿತ. ವಿದ್ಯಾರ್ಥಿಯಾಗಿ ಆತ ಓದನ್ನು ರೂಢಿಸಿಕೊಂಡ ಬಗೆ ಶಿಕ್ಷಕರಾದ ನಮಗೆ ಅಷ್ಟೇ ಮುಖ್ಯ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ ಸಮೀಪದಲ್ಲಿ. ತಂದೆ ಕಮ್ಮಾರ, ಅವರ ಆರೋಗ್ಯ ನೆಟ್ಟಗಿರಲಿಲ್ಲ. ಹುಡುಗ ಶಾಲೆಯಲ್ಲಿ ಕಲಿತದ್ದು ಓದು, ಬರಹ, ಲೆಕ್ಕ ಇಷ್ಟೇ. 1804ರಲ್ಲಿ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿ ಸೇರಿ, ಮನೆಮನೆಗೆ ಪತ್ರಿಕೆ ಮುಟ್ಟಿಸತೊಡಗಿದ. ಮರುವರ್ಷ ಅಲ್ಲಿಯೇ ಏಳು ವರ್ಷಗಳ ಕರಾರಿನ ಮೇಲೆ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ನಿಂತ. ಕಟ್ಟಲು ಬಂದ ಪುಸ್ತಕಗಳನ್ನೇ ಕೆಲಸ ಮುಗಿದ ಮೇಲೆ ಓದಿದ. ವಿಶ್ವಕೋಶದಲ್ಲಿದ್ದ ವಿದ್ಯುತ್ತಿನ ಲೇಖನ ಮತ್ತು ಜೇನ್ ಮಾರ್ಸೆಟ್ ಬರೆದ ರಸಾಯನಶಾಸ್ತ್ರದ ಪುಸ್ತಕ ಆತನನ್ನು ವಿಜ್ಞಾನದ ಕಡೆಗೆ ತಿರುಗಿಸಿದವು. ಓದಿದ್ದನ್ನು ಹಾಗೆಯೇ ಒಪ್ಪದೆ, ಕೈಯಲ್ಲಿದ್ದ ಅಲ್ಪಸ್ವಲ್ಪ ಕಾಸಿನಲ್ಲಿ ಸಣ್ಣ ಪ್ರಯೋಗಗಳನ್ನು ಮಾಡಿ ನೋಡಿದ.

ಆದರೆ ಸಿಕ್ಕಿದ್ದನ್ನೆಲ್ಲ ಓದುವುದು ಅಧ್ಯಯನವಾಗುವುದಿಲ್ಲ. ಆ ಓದಿಗೆ ಕ್ರಮ ಕಲಿಸಿದ್ದು ಐಸಾಕ್ ವಾಟ್ಸ್ ಬರೆದ, ಬುದ್ಧಿಯನ್ನು ಬೆಳೆಸಿಕೊಳ್ಳುವ ಬಗೆಯನ್ನು ತಿಳಿಸುವ ಪುಸ್ತಕ. ಟಿಪ್ಪಣಿ ಇಡುವುದು, ಉಪನ್ಯಾಸ ಕೇಳುವುದು, ಸಹಪಾಠಿಗಳೊಡನೆ ಚರ್ಚಿಸುವುದು, ಪತ್ರ ಬರೆದು ವಿಚಾರ ಹಂಚಿಕೊಳ್ಳುವುದು, ಇವನ್ನೆಲ್ಲ ಫ್ಯಾರಡೆ ಚಾಚೂ ತಪ್ಪದೆ ಪಾಲಿಸಿದ. 1810ರಿಂದ ಟೇಟಮ್ ಎಂಬುವರ ಸಂಜೆಯ ವಿಜ್ಞಾನ ಉಪನ್ಯಾಸಗಳಿಗೆ ಹೋಗತೊಡಗಿದ. ಪ್ರವೇಶಕ್ಕೆ ಒಂದು ಶಿಲ್ಲಿಂಗ್. ಅದನ್ನು ಕೊಟ್ಟವನು ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ. ಉಪಕರಣಗಳ ಚಿತ್ರವನ್ನು ಸರಿಯಾಗಿ ಬರೆಯಬೇಕೆಂದು ಚಿತ್ರಕಲೆಯನ್ನೂ ಕಲಿತ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರ ಕೃಪೆಯಿಂದ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸರ್ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶ ಸಿಕ್ಕಿತು. ಆಗ ಫ್ಯಾರಡೆ ಟಿಪ್ಪಣಿ ಮಾಡಿದ ಕ್ರಮವನ್ನು ಗಮನಿಸಿ. ಉಪನ್ಯಾಸದ ನಡುವೆ ಬರೆದುಕೊಂಡದ್ದು ಮುಖ್ಯ ಪದಗಳು, ಪ್ರಯೋಗಗಳ ಹೆಸರು, ವಸ್ತುಗಳ ಹೆಸರು ಮಾತ್ರ. ಮನೆಗೆ ಬಂದು ಅವನ್ನು ಬಿಡಿಸಿ, ಒಂದಕ್ಕೊಂದು ಹೊಂದಿಸಿ ಎರಡನೆಯ ಸಲ ಬರೆದ. ಇವೆರಡನ್ನೂ ಮುಂದಿಟ್ಟುಕೊಂಡು ಮೂರನೆಯ ಸಲ ಇಡೀ ಉಪನ್ಯಾಸವನ್ನು ಚಿತ್ರಸಹಿತ ವಿಸ್ತಾರವಾಗಿ ಬರೆದ. ಮುನ್ನೂರಕ್ಕೂ ಹೆಚ್ಚು ಪುಟಗಳ ಆ ಬರಹಕ್ಕೆ ತಾನೇ ರಟ್ಟು ಕಟ್ಟಿ, ಕೆಲಸ ಕೇಳಿ ಡೇವಿಗೆ ಕಳುಹಿಸಿದ. 1813ರ ಮಾರ್ಚ್ 1ರಂದು ಆ ಸಂಸ್ಥೆಯ ಪ್ರಯೋಗಾಲಯದಲ್ಲಿ ಸಹಾಯಕನ ಹುದ್ದೆ ದೊರೆಯಿತು. ಸಂಬಳ ವಾರಕ್ಕೆ 25 ಶಿಲ್ಲಿಂಗ್.

ಈ ಅಭ್ಯಾಸ ಕೊನೆಯವರೆಗೂ ಉಳಿಯಿತು. ತನ್ನ ನೆನಪಿನ ಶಕ್ತಿಯ ಬಗ್ಗೆ ಫ್ಯಾರಡೆಗೆ ಭರವಸೆಯಿರಲಿಲ್ಲ. ಪ್ರಯೋಗಗಳ ದಿನಚರಿಯಲ್ಲಿ ಪ್ರತಿ ಟಿಪ್ಪಣಿಗೂ ಕ್ರಮಸಂಖ್ಯೆ ಹಾಕುತ್ತ ಹೋದ. ಅದು 16,000 ದಾಟಿತು. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ತೋರಿಸಿಕೊಟ್ಟ ಮೇಲೆ ಗಮನ ಸೆಳೆಯುವ ವಿಷಯಗಳು ಬೇರೆಯಾದವು. ಹೊರಗಿನವರಿಗೆ ರಾಸಾಯನಿಕ ಪರೀಕ್ಷೆ ಮಾಡಿಕೊಟ್ಟು ಗಳಿಸುತ್ತಿದ್ದ ಹಣವನ್ನು ಬಹುಮಟ್ಟಿಗೆ ಬಿಟ್ಟ. ಔತಣಕೂಟಗಳಿಂದ ದೂರ ಉಳಿದ. 1857ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ತಾನಾಗಿ ಬಂದರೂ ಒಪ್ಪಲಿಲ್ಲ. 1867ರ ಆಗಸ್ಟ್ 25ರಂದು ತೀರಿಕೊಂಡ.

ಇದರಲ್ಲಿ ನಮಗೆ ಎರಡು ವಿಷಯಗಳಿವೆ. ಒಂದು, ಗಮನ ಕೊಡು ಎಂದು ಗದರಿಸಿದರೆ ಗಮನ ಬರುವುದಿಲ್ಲ. ಕೈಗೆ ಮತ್ತು ಬುದ್ಧಿಗೆ ಕೆಲಸ ಕೊಟ್ಟರೆ ಬರುತ್ತದೆ. ನಾವು ಉಕ್ತಲೇಖನದಂತೆ ನೋಟ್ಸ್ ಬರೆಸಿದರೆ ಮಗು ಬರೆಯುತ್ತಿರುವಾಗಲೂ ಮನಸ್ಸು ಬೇರೆಲ್ಲೋ ಇರಬಹುದು. ಅದರ ಬದಲು, ಪಾಠದ ನಡುವೆ ಹತ್ತೇ ಪದಗಳನ್ನು ಬರೆದುಕೊಳ್ಳಲು ಹೇಳಿ. ಮನೆಯಲ್ಲಿ ಪುಸ್ತಕ ತೆರೆಯದೆ ಅವನ್ನು ವಾಕ್ಯಗಳಾಗಿ ಬೆಳೆಸಲಿ. ಮರುದಿನ ಪಕ್ಕದವರ ಬರಹದೊಡನೆ ಹೋಲಿಸಿ ತಿದ್ದಿಕೊಳ್ಳಲಿ. ಇದನ್ನು ನಿಮ್ಮ ಪಾಠಯೋಜನೆಯ ಮೌಲ್ಯಮಾಪನದ ಹಂತದಲ್ಲೇ ಸೇರಿಸಬಹುದು.

ಎರಡನೆಯದು ಇನ್ನೂ ಮುಖ್ಯ. ಅಂಗಡಿಯಲ್ಲಿ ಓದಲು ಬಿಟ್ಟ ರೀಬೋ, ಶಿಲ್ಲಿಂಗ್ ಕೊಟ್ಟ ಅಣ್ಣ ಇಲ್ಲದಿದ್ದರೆ ಆ ಹುಡುಗನ ಶ್ರದ್ಧೆ ಎಷ್ಟಿದ್ದರೂ ದಾರಿ ಸಿಗುವುದು ಕಷ್ಟವಿತ್ತು. ನಾವು ಬೋಧನಾಭ್ಯಾಸಕ್ಕೆ ಹೋಗುವ ಶಾಲೆಗಳಲ್ಲೂ ಬೆಳಗ್ಗೆ ಪತ್ರಿಕೆ ಹಂಚಿ, ಹಾಲು ಹಾಕಿ ತರಗತಿಗೆ ಬಂದು ತೂಕಡಿಸುವ ಮಕ್ಕಳಿದ್ದಾರೆ. ಅಂಥವರ ಹೆಸರಿನ ಮುಂದೆ ಗಮನವಿಲ್ಲ ಎಂದು ಬರೆಯುವ ಮೊದಲು, ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕುಳಿತು ಬರೆಯಲು ಒಂದು ಕೋಣೆಯನ್ನು ತೆರೆದಿಡಿಸಲು ಸಾಧ್ಯವೇ ಎಂದು ಮುಖ್ಯ ಶಿಕ್ಷಕರನ್ನು ಕೇಳಿ ನೋಡಿ.