ರೇಖಾಸಾಧಕ ಶ್ರೀ ಕೆ. ಕೆ. ಹೆಬ್ಬಾರರು

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು 1911ರಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿ ಗ್ರಾಮದಲ್ಲಿ ಜನಿಸಿದರು. ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ವ್ಯಾಸಂಗಮಾಡಿ, 1938ರಲ್ಲಿ ಡಿಪ್ಲೊಮಾ ಪಡೆದು, 1940ರಿಂದ 1945ರ ವರೆಗೆ ಅಲ್ಲಿಯೇ ಉಪಾಧ್ಯಾಯರಾಗಿದ್ದರು. ಕಂಡುದನ್ನು ಕಂಡಂತೆಯೇ ಬರೆಯುವ ನೈಪುಣ್ಯವು ಕರಗತವಾಗಿದ್ದರೂ ಅವರಿಗೆ ತೃಪ್ತಿಯುಂಟಾಗಲಿಲ್ಲ. ಗುರುಪದವಿಯಲ್ಲಿದ್ದವರು 1949ರಲ್ಲಿ ಮರಳಿ ವಿದ್ಯಾರ್ಥಿಯಾಗಿ ಪ್ಯಾರಿಸ್ಸಿನ ಜೂಲಿಯನ್ ಅಕಾಡೆಮಿಯನ್ನು ಸೇರಿದರು.

ಅದೇ ನಗರದಲ್ಲಿ ಬ್ರಾಂಕೂಸಿಯೆಂಬ ಶಿಲ್ಪಿಯು 1923ರಲ್ಲಿಯೇ ರೆಕ್ಕೆಪುಕ್ಕಗಳನ್ನೆಲ್ಲ ತೊರೆದು, ಹಕ್ಕಿಯ ಹಾರಾಟವೊಂದನ್ನೇ ಅಮೃತಶಿಲೆಯಲ್ಲಿ ನಿಲ್ಲಿಸಿದ್ದನು. ಹೆಬ್ಬಾರರಾದರೋ ಈ ಸಂಕ್ಷೇಪವನ್ನು ರೇಖೆಯಲ್ಲಿ ಸಾಧಿಸಿದರು. ಲಯವನ್ನರಿಯಲೆಂದು ಕಥಕ್ ನೃತ್ಯವನ್ನೂ ಅಭ್ಯಸಿಸಿದರು. ಮುಖವಿವರವಾಗಲಿ ಆಭರಣವಾಗಲಿ ಇಲ್ಲದೆ, ಕೆಲವೇ ಗೆರೆಗಳಲ್ಲಿ ನರ್ತಕಿಯ ದೇಹವೆಲ್ಲ ಚಲಿಸುವಂತೆ ಬರೆದರು. ಅವು ಹಾಡುವ ರೇಖೆಗಳೆಂದು ಪ್ರಸಿದ್ಧವಾದುವು. 1989ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಪಡೆದ ಹೆಬ್ಬಾರರು 1996ರಲ್ಲಿ ಮುಂಬಯಿಯಲ್ಲಿ ಕಾಲವಾದರು.

ವಾಚಕರೇ, ಮಾವಳ್ಳಿಯ ಮನೆಬಾಗಿಲುಗಳಲ್ಲಿ ಎಳೆಯುವ ರಂಗೋಲಿಯೂ ಕೆಲವೇ ಎಳೆಗಳದು. ಆದರೆ ಕೈ ಪಳಗದೆ ಅದು ಕೂಡಿಬಾರದು. ಆದುದರಿಂದ ಮಗಳ ಚಿತ್ರದಲ್ಲಿ ಗೆರೆಗಳು ಕಡಿಮೆಯಿದ್ದರೆ ತಾಯ್ತಂದೆಗಳು ಅದನ್ನು ಅಪೂರ್ಣವೆಂದು ತಳ್ಳದೆ, ಉಳಿದವನ್ನು ಏಕೆ ಬಿಟ್ಟಳೆಂದು ಪ್ರೀತಿಯಿಂದ ವಿಚಾರಿಸಲಿ. ಬೇಡವಾದುದನ್ನು ಬಿಡುವುದಕ್ಕೂ ದೀರ್ಘವಾದ ಶಿಕ್ಷಣವು ಬೇಕೆಂಬುದನ್ನು ಹೆಬ್ಬಾರರ ಜೀವನವು ತೋರಿಸುತ್ತದೆ.