ಮೈಸೂರು ವಿ.ವಿ. ಕುರ್ಚಿಯಲ್ಲಿ ಕುಪ್ಪಳಿಯ ಪುಟ್ಟಪ್ಪ

ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಅಲ್ಲೇ ಓದಿ, ಅಲ್ಲೇ ಪಾಸಾದ ಒಬ್ಬರು ಅದರ ಉಪಕುಲಪತಿ ಕುರ್ಚಿಯಲ್ಲಿ ಕೂರೋದಕ್ಕೆ ಮಾತ್ರ 40 ವರ್ಷ ಹಿಡಿಯಿತು. 1956ರಲ್ಲಿ ಹಾಗೆ ಕೂತವರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಕುವೆಂಪು ಅಂದರೆ ಸಂತೆಗೆ ಬಂದವರಿಗೂ ಗೊತ್ತು.

ಕವಿಗೆ ಆಡಳಿತ ಹೇಗೆ ಒಲಿಯಿತು ಅಂತ ಕೇಳೋರಿದ್ದಾರೆ. ಅದು ಒಂದೇ ದಿನಕ್ಕೆ ಒಲಿದದ್ದಲ್ಲ. 1929ರಲ್ಲಿ ಎಂ.ಎ. ಮುಗಿಸಿ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು. ತಿದ್ದಿ ಬೆಳೆಸಿದ ಗುರು ಟಿ.ಎಸ್. ವೆಂಕಣ್ಣಯ್ಯ ಅಲ್ಲೇ ಇದ್ದರು. 1936ರಿಂದ ಹತ್ತು ವರ್ಷ ಬೆಂಗಳೂರಿನ ಸೆಂಟ್ರಲ್ ಕಾಲೇಜು. 1946ರಲ್ಲಿ ಮತ್ತೆ ಮೈಸೂರು, ಈ ಸಲ ಪ್ರಾಧ್ಯಾಪಕರಾಗಿ. 1955ರಲ್ಲಿ ಪ್ರಿನ್ಸಿಪಾಲ್, ಮರುವರ್ಷವೇ ಉಪಕುಲಪತಿ. 27 ವರ್ಷ ಪಾಠ ಹೇಳಿದ ಮೇಲೆ ಸಿಕ್ಕ ಕುರ್ಚಿ ಅದು. ಹುಡುಗರ ಕಷ್ಟ ಏನು, ಮೇಷ್ಟ್ರ ಕಷ್ಟ ಏನು ಅಂತ ಅವರಿಗೆ ಫೈಲು ನೋಡಿ ತಿಳಿಯಬೇಕಾಗಿರಲಿಲ್ಲ.

ಇದ್ದದ್ದು ನಾಲ್ಕೇ ವರ್ಷ. ಸ್ನಾತಕೋತ್ತರ ವಿಭಾಗಗಳೆಲ್ಲ ಒಂದೇ ಕಡೆ ಇರಬೇಕು ಅಂತ ಹಟ ಹಿಡಿದರು. ಕುಕ್ಕರಹಳ್ಳಿ ಕೆರೆಯಾಚೆಯ ಬಯಲಿಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಅವರೇ. ರಾಜಕುಮಾರಿಗಾಗಿ ಕಟ್ಟಿದ್ದ ಜಯಲಕ್ಷ್ಮಿ ವಿಲಾಸ ಅರಮನೆಯೂ ಆ ಆವರಣದೊಳಕ್ಕೇ ಬಂತು. ರೈತರ ಮಕ್ಕಳು ಅದರ ಮುಂದೆ ಪುಸ್ತಕ ಹಿಡಿದು ಓಡಾಡುವಂತಾಯಿತು.

ಇಂಗ್ಲಿಷ್ ವಿಷಯದಲ್ಲಿ ಮಾತ್ರ ಅವರದು ಖಡಾಖಂಡಿತ. ಹಳ್ಳಿ ಹುಡುಗರು ಬುದ್ಧಿಯಿಲ್ಲದೆ ಫೇಲಾಗುತ್ತಿಲ್ಲ, ಇಂಗ್ಲಿಷ್ ಬಾರದೆ ಫೇಲಾಗುತ್ತಿದ್ದಾರೆ, ಆದ್ದರಿಂದ ಅದು ಬೇಕಾದವರಿಗೆ ಮಾತ್ರ ಇರಲಿ ಅಂತ ವಾದಿಸಿದರು. ಕನ್ನಡದಲ್ಲೇ ಪಾಠ ಆಗಲಿ ಅಂದರು. ಆ ವಾದವನ್ನು ಎಲ್ಲರೂ ಒಪ್ಪಲಿಲ್ಲ, ಇವತ್ತಿಗೂ ಅದು ಪೂರ್ತಿ ನಡೆದಿಲ್ಲ. ನಡೆದದ್ದು ಪ್ರಸಾರಾಂಗದ ಕೆಲಸ. ಪ್ರೊಫೆಸರುಗಳು ಹಳ್ಳಿಗಳಿಗೆ ಹೋಗಿ ವಿಜ್ಞಾನ, ಚರಿತ್ರೆ, ಆರೋಗ್ಯ ಅಂತ ಕನ್ನಡದಲ್ಲಿ ಉಪನ್ಯಾಸ ಕೊಡೋರು. ಆಮೇಲೆ ಅದೇ ಅಗ್ಗದ ಪುಟ್ಟ ಪುಸ್ತಕವಾಗಿ ಬರೋದು.

ಅವರು 1960ರಲ್ಲಿ ನಿವೃತ್ತರಾದರು. 1969ರಲ್ಲಿ ಅದೇ ಕುರ್ಚಿಗೆ ಅವರ ಶಿಷ್ಯ ದೇ. ಜವರೇಗೌಡರೇ ಬಂದರು. ವೆಂಕಣ್ಣಯ್ಯನವರಿಂದ ಪುಟ್ಟಪ್ಪ, ಪುಟ್ಟಪ್ಪನವರಿಂದ ಜವರೇಗೌಡ. ಒಬ್ಬರು ಇನ್ನೊಬ್ಬರನ್ನು ತಯಾರು ಮಾಡಿದ ಲೆಕ್ಕ ಇದು. ಕುವೆಂಪು ತೀರಿಕೊಂಡದ್ದು 1994ರ ನವೆಂಬರ್ 11ರಂದು.

ಆಗೆಲ್ಲ ಚಾಮರಾಜನಗರ, ಗುಂಡ್ಲುಪೇಟೆ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಗುಂಡ್ಲುಪೇಟೆಯ ಹುಡುಗ ಕನ್ನಡ ಎಂ.ಎ. ಮಾಡಬೇಕೆಂದರೆ ನಂಜನಗೂಡು ದಾಟಿ ಮೈಸೂರಿಗೇ ಹೋಗಬೇಕಿತ್ತು. ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಆಮೇಲೆ ಸುವರ್ಣಗಂಗೋತ್ರಿ ಬಂತು, ಹೆಸರಿನ ಕೊನೆಯಲ್ಲಿ ಪುಟ್ಟಪ್ಪನವರ ಗಂಗೋತ್ರಿಯೇ ಇದೆ. ಅದರ ಬೆನ್ನಿಗೆ ಜಿಲ್ಲೆಗೇ ಒಂದು ವಿಶ್ವವಿದ್ಯಾಲಯವೂ ಆಯಿತು. ಬೋರ್ಡೇನೋ ಬಂತು, ಇಲ್ಲೇ ಪಾಠ ಹೇಳುತ್ತ ಹೇಳುತ್ತ ನಾಳೆ ಮುಖ್ಯಸ್ಥರಾಗುವ ಮೇಷ್ಟ್ರು ಯಾರು, ಅವರನ್ನು ಬೆಳೆಸೋರು ಯಾರು ಅಂತ ಕೇಳಿದವರು ಕಡಿಮೆ. ಅಷ್ಟರಲ್ಲೇ, 2025ರ ಫೆಬ್ರವರಿಯಲ್ಲಿ, ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದು ಅಂತ ಸಂಪುಟ ಉಪಸಮಿತಿ ಹೇಳಿತು. ಆ ಪಟ್ಟಿಯಲ್ಲಿ ಚಾಮರಾಜನಗರದ ಹೆಸರೂ ಇತ್ತು.