ನಗೆಗೆ ಗುರಿಯಾದರೂ ಜಗ್ಗದ ಬಾಬಾಸಾಹೇಬರು

ನಾಗಪುರ: ಇಲ್ಲಿನ ದೀಕ್ಷಾಭೂಮಿಗೆ ಪ್ರತಿವರ್ಷ ವಿಜಯದಶಮಿಗೆ ಲಕ್ಷಾಂತರ ಜನ ಬಂದು ಸೇರುತ್ತಾರೆ. 1956ರ ಅಕ್ಟೋಬರ್ 14ರಂದು ಡಾ. ಬಿ. ಆರ್. ಅಂಬೇಡ್ಕರ್ ಅವರು ಅಪಾರ ಅನುಯಾಯಿಗಳೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ ಸ್ಥಳವಿದು. ಇಂದು ಎಲ್ಲರೂ ಕೈಮುಗಿಯುವ ಈ ಧೀಮಂತರು ಬದುಕಿದ್ದಾಗ ಪತ್ರಿಕೆಗಳ ಅಪಹಾಸ್ಯಕ್ಕೆ ಎಷ್ಟು ಗುರಿಯಾಗಿದ್ದರೆಂಬುದು ಹಲವರಿಗೆ ತಿಳಿಯದು.

1891ರ ಏಪ್ರಿಲ್ 14ರಂದು ಮಹೂವಿನಲ್ಲಿ ಸುಬೇದಾರ್ ರಾಮ್‌ಜಿಯವರ ಮಗನಾಗಿ ಜನಿಸಿದ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದರೂ 1917ರಲ್ಲಿ ಬರೋಡಾದಲ್ಲಿ ತಂಗಲು ಜಾಗ ಸಿಗಲಿಲ್ಲ. 1925ರಲ್ಲಿ ನಮ್ಮ ನಿಪ್ಪಾಣಿಯ ಸಮಾವೇಶಕ್ಕೆ ಬಂದರು. 1927ರಲ್ಲಿ ಮಹಾಡ್‌ನ ಕೆರೆನೀರಿಗಾಗಿ ಹೋರಾಡಿದರು. 1942ರ ಜುಲೈಯಲ್ಲಿ ಇದೇ ನಾಗಪುರದಲ್ಲಿ ದಲಿತರ ಬೃಹತ್ ಸಮ್ಮೇಳನ ನಡೆಸಿದರು.

ಅವರನ್ನು ಕುರಿತ 1932ರಿಂದ 1956ರವರೆಗಿನ ವ್ಯಂಗ್ಯಚಿತ್ರಗಳನ್ನು ಉನ್ನಮಾಟಿ ಶ್ಯಾಮಸುಂದರ್ 2019ರಲ್ಲಿ ಪುಸ್ತಕವಾಗಿ ತಂದಿದ್ದಾರೆ. ಹಲವು ಚಿತ್ರಗಳಲ್ಲಿ ಈ ವಿದ್ವಾಂಸ ಕುಳ್ಳನಾಗಿ, ಮಗುವಾಗಿ, ಹೆಂಗಸಾಗಿ ಕಾಣುತ್ತಾರೆ. 1949ರಲ್ಲಿ ಶಂಕರ್ ಬರೆದ ಚಿತ್ರದಲ್ಲಿ ಸಂವಿಧಾನವೆಂಬ ಬಸವನಹುಳುವಿನ ಮೇಲೆ ಅಂಬೇಡ್ಕರ್ ಕುಳಿತಿದ್ದರೆ, ಹಿಂದೆ ನೆಹರೂ ಚಾಟಿ ಹಿಡಿದಿದ್ದಾರೆ. ಆದರೆ ಕರಡು ಸಮಿತಿಯ ಭಾರವೆಲ್ಲ ಕೊನೆಗೆ ಅಂಬೇಡ್ಕರ್ ಒಬ್ಬರ ಮೇಲೆಯೇ ಬಿದ್ದುದನ್ನು ಸದಸ್ಯ ಟಿ. ಟಿ. ಕೃಷ್ಣಮಾಚಾರಿ 1948ರಲ್ಲೇ ಸಭೆಯ ಗಮನಕ್ಕೆ ತಂದಿದ್ದರು. 1949ರ ನವೆಂಬರ್ 26ರಂದು ಸಂವಿಧಾನ ಅಂಗೀಕಾರವಾಯಿತು.

ಈ ಚಿತ್ರ ಹನ್ನೊಂದನೇ ತರಗತಿಯ ಪಠ್ಯದಲ್ಲಿ ಸೇರಿ, 2012ರಲ್ಲಿ ಸಂಸತ್ತಿನಲ್ಲಿ ಕೋಲಾಹಲವೆದ್ದಿತು. ಶಂಕರ್ ನೆಹರೂ ಅವರನ್ನೂ ಬಿಟ್ಟಿರಲಿಲ್ಲವೆಂಬ ಸಮರ್ಥನೆ ಸುಳ್ಳಲ್ಲ. ಆದರೆ ನೆಹರೂ ಅವರನ್ನು ನೋಡಿ ನಕ್ಕ ಯಾರೂ ಅವರಿಗೆ ಬಾವಿಯ ನೀರು ನಿರಾಕರಿಸಿದವರಲ್ಲ. ಎತ್ತಿದ ಚಾಟಿ ಒಬ್ಬರಿಗೆ ಚಿತ್ರ ಮಾತ್ರ, ಇನ್ನೊಬ್ಬರ ಸಮುದಾಯಕ್ಕೆ ತಲೆಮಾರುಗಳ ಅನುಭವ.

ಹೊರನಾಡ ಕನ್ನಡಿಗರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಹಿಂದಿ ಸಿನಿಮಾಗಳು ನಮ್ಮನ್ನೆಲ್ಲ ಮದ್ರಾಸಿಗಳೆಂದು ಒಟ್ಟುಗೂಡಿಸಿ, ನಮ್ಮ ಉಚ್ಚಾರಣೆಯನ್ನು ಅಣಕಿಸಿ ನಗಿಸಿದಾಗ ಮನಸ್ಸು ಮುದುಡಿದವರು ಅನೇಕರು. ಅದಕ್ಕೆ ನೊಂದವರೇ ತಮ್ಮ ಸಮಾರಂಭದ ವೇದಿಕೆಯಲ್ಲಿ ಜಾತಿಯ ನಗೆಹನಿಗೆ ಚಪ್ಪಾಳೆ ತಟ್ಟಿದರೆ ಅದು ಇಬ್ಬಗೆಯ ಅಳತೆಯಲ್ಲವೇ? 2023ರಲ್ಲಿ ಬೆಂಗಳೂರಿನ ಕಾಲೇಜು ವಿದ್ಯಾರ್ಥಿಗಳ ಕಿರುಪ್ರಹಸನವೊಂದು ಅಂಬೇಡ್ಕರ್ ಹೆಸರನ್ನೇ ತಿರುಚಿ ಮೀಸಲಾತಿಯನ್ನು ಗೇಲಿ ಮಾಡಿ, ತೀವ್ರ ಪ್ರತಿಭಟನೆಗೆ ಗುರಿಯಾದದ್ದು ಉಲ್ಲೇಖನೀಯ.

ನಾಗಪುರದ ದೀಕ್ಷೆಯಾಗಿ ಎರಡು ತಿಂಗಳೂ ಕಳೆಯುವ ಮೊದಲೇ, 1956ರ ಡಿಸೆಂಬರ್ 6ರಂದು, ಬಾಬಾಸಾಹೇಬರು ದಿಲ್ಲಿಯಲ್ಲಿ ನಿಧನರಾದರು. ಅವರ ಭಾವಚಿತ್ರಕ್ಕೆ ಹಾರ ಹಾಕುವ ಸಂಘ ಸಂಸ್ಥೆಗಳು ತಮ್ಮ ವೇದಿಕೆಯ ನಗೆಯನ್ನೂ ಒಮ್ಮೆ ಪರಿಶೀಲಿಸಿಕೊಂಡರೆ ಅದೇ ಅವರಿಗೆ ಸಲ್ಲಿಸುವ ನಿಜವಾದ ಗೌರವ.